ಮೂವರಿಗೆ ಮಾರಿದ ಮಡ್ಡಿ

ಫಲಕ ಸರಿಯಾಗಿತ್ತು. ಜಾಗ ತಪ್ಪಾಗಿತ್ತು.

ಮಲ್ಲೇಶ್ವರಿ ಕಪ್ಪು ಕನ್ನಡಕವನ್ನು ಹಣೆಯ ಮೇಲೇರಿಸಿ ಮತ್ತೊಮ್ಮೆ ಓದಿದಳು. ‘ಹುಣಸಿಮಡ್ಡಿ ಕೈಗಾರಿಕಾ ಭೂಮಿ, ಔರಾದ್ ತಾಲೂಕು. ಉದ್ಯಮಿಗಳಿಗೆ ಸ್ವಾಗತ.’ ನೀಲಿ ಬಣ್ಣ, ಬಿಳಿ ಅಕ್ಷರ, ಮೂಲೆಯಲ್ಲಿ ಬೀದರ್ ನಗರದ ಉದ್ಯಮ ಭೂಮಿ ಪ್ರಚಾರ ಕೇಂದ್ರದ ಮುದ್ರೆ. ಹೋದ ವಾರ ಇದೇ ಫಲಕಕ್ಕೆ ಒರಗಿ ನಿಂತು ಅವಳು ಫೋಟೊ ತೆಗೆಸಿಕೊಂಡಿದ್ದಳು.

ಆಗ ಫಲಕದ ಹಿಂದೆ ಇದ್ದದ್ದು ಮಡ್ಡಿ, ಅಂಗೈಯಂತೆ ಸಮನಾದ ಎತ್ತರದ ಗಟ್ಟಿ ಕೆಂಪು ನೆಲ. ಈಗ ಇರುವುದು ತಗ್ಗು. ಮಾಗಿಯ ಬಿಸಿಲಲ್ಲೂ ಒಣಗದ ಎರೆಮಣ್ಣಿನ ಕೆಸರು, ಅದರಾಚೆ ಪಾಚಿಗಟ್ಟಿದ ನೀರು ತುಂಬಿದ ಹಳೇ ಕಲ್ಲುಗಣಿ. ಇಲ್ಲಿ ಕಾರ್ಖಾನೆ ಕಟ್ಟುವುದಿರಲಿ, ದನ ಕಟ್ಟಲು ಗೂಟ ಹೊಡೆದರೂ ಅದು ನಿಲ್ಲುತ್ತಿರಲಿಲ್ಲ.

ಮೂರು ಕಂಪನಿಗಳು ಬಂದು ನೋಡಿ, ಕಾರಣ ಹೇಳದೆ ‘ಈ ಜಾಗ ಬೇಡ’ ಎಂದು ಹೋಗಿದ್ದವು. ಆ ಕಾರಣವನ್ನು ಹುಡುಕಲೆಂದೇ ಬೀದರಿನ ಖಾಸಗಿ ಪತ್ತೇದಾರಿಣಿ ಮಲ್ಲೇಶ್ವರಿ ನಾಲ್ಕನೆಯ ಗಿರಾಕಿಯ ವೇಷ ಹಾಕಿದ್ದಳು. ಪುಣೆಯ ಶೀತಲಗೃಹ ಕಂಪನಿಯೊಂದರ ದೊಡ್ಡ ಅಧಿಕಾರಿಣಿ, ಒಬ್ಬಳೇ ಕಾರು ಓಡಿಸಿಕೊಂಡು ಜಾಗ ನೋಡಲು ಬರುತ್ತಾಳೆ ಎಂಬ ಸುದ್ದಿಯನ್ನು ಕೇಂದ್ರದ ಮುಖ್ಯಸ್ಥೆ ಸರಿತಾ ತನ್ನ ಕಚೇರಿಯಲ್ಲಿ ಹಬ್ಬಿಸಿದ್ದಳು. ವೇಷದ ಗುಟ್ಟು ಸರಿತಾಳಿಗೊಬ್ಬಳಿಗೇ ಗೊತ್ತು.

ಮಲ್ಲೇಶ್ವರಿಗೆ ನಗು ಬಂತು. ಕಾರಣ ಇಷ್ಟು ಬೇಗ, ಇಷ್ಟು ದೊಡ್ಡ ಅಕ್ಷರಗಳಲ್ಲಿ ಎದುರಿಗೇ ನಿಂತಿರುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಬಾಗಿ ಫಲಕದ ಕಾಲುಗಳನ್ನು ನೋಡಿದಳು. ಬುಡದಲ್ಲಿ ಹಸಿ ಕರಿಮಣ್ಣು. ಅದರ ಮೇಲೆ ಒಂದು ಗೇಣಿನಷ್ಟು ಒಣಗಿದ ಕೆಂಪು ಮಣ್ಣಿನ ಪಟ್ಟಿ. ಬೇರೆಲ್ಲೋ ಆಳವಾಗಿ ಊರಿದ್ದನ್ನು ಕಿತ್ತು ತಂದು ಇಲ್ಲಿ ಅವಸರದಲ್ಲಿ ನೆಟ್ಟಿದ್ದಾರೆ. ರಸ್ತೆಯ ಬದಿಯ ಬಾಣದ ಗುರುತನ್ನೂ ಈ ಕಡೆಗೆ ತಿರುಗಿಸಿದ್ದಾರೆ. ಅದಿರಲಿ, ಸರಿತಾಳ ಕಚೇರಿಯಿಂದ ತನ್ನ ಮೊಬೈಲಿಗೆ ಬಂದ ದಾರಿಯ ಗುರುತು ಕೂಡ ಇಲ್ಲಿಗೇ ಕರೆತಂದಿತ್ತು.

ಅಂದರೆ ಹುಳ ಒಳಗೇ ಇದೆ.

ಅಷ್ಟರಲ್ಲಿ ಧೂಳೆಬ್ಬಿಸುತ್ತ ಒಂದು ಜೀಪು ಬಂತು. ಇಳಿದವನಿಗೆ ನಲವತ್ತರ ಆಸುಪಾಸು. ಬಿಳಿ ಅಂಗಿ, ಹಣೆಗೆ ವಿಭೂತಿ, ಮುಖದ ತುಂಬ ಸಂಕೋಚದ ನಗು.

“ನಮಸ್ಕಾರ್ರಿ ಮ್ಯಾಡಮ್. ಕಾರಿಗೆ ಪುಣೇದ ನಂಬರ್ ಅದ, ಜಾಗಾ ನೋಡಾಕ ಬಂದೀರೇನ್ರಿ?”

“ಹೌದ್ರಿ. ನಮ್ಮ ತವರು ಸೊಲ್ಲಾಪುರ, ಕನ್ನಡ ಬರ್ತದ. ಇದೇ ಏನ್ರಿ ಆ ಸರ್ಕಾರಿ ಜಾಗಾ? ಫೋಟೊದಾಗ ಬ್ಯಾರೇನೇ ಇತ್ತಲ್ಲ!”

ಆತ ತಗ್ಗಿನ ಕಡೆ ನೋಡಿ ನಿಟ್ಟುಸಿರುಬಿಟ್ಟ. “ಏನ್ ಹೇಳೂದ್ರಿ? ಬಂದವರೆಲ್ಲಾ ಹೀಂಗೇ ಮಾರಿ ಸಣ್ಣ ಮಾಡ್ಕೊಂಡು ಹೋಗ್ತಾರ. ನಾ ದಿಲೀಪ, ಭಾಲ್ಕಿದಾಗ ಜಮೀನಿನ ದಲ್ಲಾಳಿ. ಇಷ್ಟು ದೂರ ಬಂದೀರಿ, ಖಾಲಿ ಕೈಲೆ ಯಾಕ ಹೋಗ್ತೀರಿ? ಬಾಜೂಕ್ಕೇ ಒಂದು ಖಾಸಗಿ ಜಾಗಾ ಅದ. ನೋಡ್ರಿ, ಬ್ಯಾಡಂದ್ರ ಬಿಡ್ರಿ. ನೋಡಾಕೇನು ರೊಕ್ಕ ಬೀಳಂಗಿಲ್ಲ.”

“ನಡೀರಿ,” ಎಂದಳು ಮಲ್ಲೇಶ್ವರಿ.

*

ಜೀಪು ಮುಂದೆ, ಅವಳ ಕಾರು ಹಿಂದೆ. ದಾರಿಯ ಎರಡೂ ಬದಿ ಕುಸುಬೆ ಹಳದಿಯಾಗಿ ಹೂಬಿಟ್ಟಿತ್ತು, ಬಿಳಿಜೋಳ ಹಾಲುಗಟ್ಟಿತ್ತು. ಕಿಟಕಿ ಇಳಿಸಿದರೆ ತಂಪು ಗಾಳಿ. ಗಂಡಿನ ಕಡೆಯವರ ಆಸ್ತಿ ನಿಜವೇ, ಹೆಣ್ಣಿನ ವಯಸ್ಸು ಸರಿಯೇ ಎಂದು ಬೀದರಿನ ಗಲ್ಲಿಗಳಲ್ಲಿ ವಿಚಾರಿಸಿ ಬೇಸತ್ತಿದ್ದ ಮಲ್ಲೇಶ್ವರಿಗೆ ಈ ಕೆಲಸ ಜಾತ್ರೆಗೆ ಹೋದಂತಿತ್ತು. ಅವಳು ಸಣ್ಣಗೆ ಒಂದು ಹಾಡು ಗುನುಗಿದಳು.

ಜೀಪು ಹೊಲಗಳ ನಡುವಿನ ಹಿಂದಿನ ದಾರಿ ಹಿಡಿದು ಒಂದು ದಿನ್ನೆ ಹತ್ತಿ ನಿಂತಿತು. ಮಲ್ಲೇಶ್ವರಿ ಇಳಿದಳು. ಹಾಡು ನಿಂತಿತು.

ಕೆಂಪು ನೆಲ. ಅಂಗೈಯಂತೆ ಸಮ. ಆಚೆ ತುದಿಗೆ ವಿದ್ಯುತ್ ಗೋಪುರ, ಈಚೆ ತುದಿಗೆ ಜೋಡಿ ಹುಣಸೆಮರ.

ಇದೇ ಹುಣಸಿಮಡ್ಡಿ! ಸರ್ಕಾರಿ ಜಾಗವನ್ನೇ ದಿಲೀಪ ಖಾಸಗಿ ಜಾಗವೆಂದು ತೋರಿಸುತ್ತಿದ್ದಾನೆ.

“ಹ್ಯಾಂಗ ಅದರಿ?” ಎಂದ ದಿಲೀಪ, ಮಗಳ ಶಾಲೆಯ ಬಹುಮಾನ ತೋರಿಸುವ ತಂದೆಯಂತೆ.

“ಚೊಲೊ ಅದ,” ಎಂದಳು. ಅದಂತೂ ಸುಳ್ಳಲ್ಲ.

ದಿಲೀಪ ಮಾತಿಗಿಳಿದ. ಬರೀ ನೆಲ ಹೊಗಳುವ ದಲ್ಲಾಳಿ ಅವನಲ್ಲ. ಗೋಪುರದಿಂದ ತಂತಿ ಎಲ್ಲಿಗೆ ಬರುತ್ತದೆ, ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಬೇಸಿಗೆಯಲ್ಲಿ ನೀರು ಯಾವ ಮಟ್ಟಕ್ಕಿಳಿಯುತ್ತದೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಬೀದರ್ ಬಳಿಯ ಕೊಳಾರದಲ್ಲಿ ಬೇಳೆ ಗಿರಣಿ ನಡೆಸುವ ಒಬ್ಬ ಮಾಲೀಕನಿಗೆ ಫೋನು ಹಚ್ಚಿ ಕೊಟ್ಟು, “ನನಗ ಕೇಳಬ್ಯಾಡ್ರಿ, ಇಲ್ಲಿ ಧಂಧೆ ಮಾಡವರಿಗೇ ಕೇಳ್ರಿ” ಎಂದ. ಆ ಮಾಲೀಕ ಬೀದರಿನ ಕೆಲಸಗಾರರನ್ನು ಹೊಗಳಿದ, ರಸ್ತೆಯನ್ನು ಬೈದ, ಆದರೂ ತಾನು ಬೇರೆ ಊರಿಗೆ ಹೋಗುವುದಿಲ್ಲ ಎಂದ.

ಮಲ್ಲೇಶ್ವರಿಗೆ ಈ ಮಾತುಗಳ ಧಾಟಿ ಎಲ್ಲೋ ಕೇಳಿದಂತಿತ್ತು. ಹೌದು, ಸರಿತಾಳ ಕಚೇರಿಯಲ್ಲಿ. ‘ನಾವು ಭೂಮಿ ಮಾರಬಾರದ್ರಿ ಮಲ್ಲಕ್ಕ. ಕಾರ್ಖಾನಿ ಬಾಗಿಲಾ ತೆರೆಯೋ ದಿನಾ ಹ್ಯಾಂಗಿರ್ತದ ಅಂತ ತೋರಿಸಬೇಕು. ಊನ ಇದ್ರ ನಾವೇ ಮೊದಲ ಹೇಳಬೇಕು. ದಲ್ಲಾಳಿಗೆ ಒಮ್ಮೆ ಸುಳ್ಳು ಹೇಳಿದ್ರ ಆತ ಮತ್ತೊಬ್ಬ ಗಿರಾಕಿಗೆ ಬೀದರಿಗೆ ಕರ್ಕೊಂಡು ಬರಲ್ಲ.’ ಈ ಮಾತನ್ನು ಹೇಳುವಾಗ ಸರಿತಾಳ ಕಣ್ಣುಗಳು ಹೊಳೆಯುತ್ತಿದ್ದವು. ಮೂರು ಕಂಪನಿ ತಪ್ಪಿದ ಮೇಲೆ ಮೇಲಿನವರು ಅವಳಿಗೆ ಯುಗಾದಿಯ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಒಂದಾದರೂ ಕಾರ್ಖಾನೆ ಬರದಿದ್ದರೆ ಕೇಂದ್ರವನ್ನು ಮುಚ್ಚುತ್ತಾರೆ.

“ಮತ್ತೊಂದು ಮಾತ್ರಿ,” ದಿಲೀಪ ಕೈಯಲ್ಲಿ ದೊಡ್ಡ ಸುತ್ತು ಬರೆದು ತೋರಿಸಿದ. “ಕಂಟೇನರ್ ಲಾರಿ ಗೇಟಿನಾಗ ಬಂದ್ರ ರಿವರ್ಸ್ ತಗೊಳ್ಳದೇ ಹೊಳ್ಳಿ ಹೋಗ್ತದ. ಖುದ್ದ ಲಾರಿ ತಂದು ತಿರುಗಿಸಿ ನೋಡ್ಯಾರ!”

ಮಲ್ಲೇಶ್ವರಿ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡಳು, ಕಣ್ಣಿನ ಬೆರಗು ಕಾಣದಿರಲೆಂದು.

ಲಾರಿ ತಂದು ತಿರುಗಿಸಿ ನೋಡಿದ್ದು ಹೋದ ವಾರ. ಆಗ ಇಲ್ಲಿದ್ದವರು ಮೂವರೇ. ಸರಿತಾ, ಲಾರಿ ಮಾಲೀಕ ಅಮೀರ ಪಾಶಾ, ಮತ್ತು ತಾನು.

“ಯಾರ್ರಿ ನೋಡಿದವರು?”

“ಮಾಲಕಿ ಹೇಳಿದ್ರು,” ಎಂದ ದಿಲೀಪ. ಅಷ್ಟರಲ್ಲಿ ಅವನ ಮೊಬೈಲು ಹೊಡೆದುಕೊಂಡಿತು. ಮಾತಾಡುತ್ತ ಹುಣಸೆಮರದ ಕಡೆ ನಡೆದ.

ಮಲ್ಲೇಶ್ವರಿ ನಾಲ್ಕು ಹೆಜ್ಜೆ ಸರಿದು ನೆಲ ನೋಡಿದಳು. ಫಲಕ ಇದ್ದಲ್ಲಿ ಜೋಳದ ಒಣದಂಟಿನ ಕಣಕಿ ಹರವಿತ್ತು. ಕಾಲಿನಿಂದ ಸರಿಸಿದಳು. ಹೊಸ ಮಣ್ಣು ತುಂಬಿದ ಎರಡು ಕುಣಿಗಳು. ಪಕ್ಕದಲ್ಲಿ ಲಾರಿಯ ಜೋಡಿ ಗಾಲಿಯ ಗುರುತು.

“ಏ ಬಾಯಿ, ಅಲ್ಲೇನ್ ಹುಡುಕಾಕತ್ತೀ?”

ತಿರುಗಿದಳು. ಮೊರದ ತುಂಬ ಸೀತನಿ, ಹುರಿದ ಎಳೆ ಜೋಳದ ಕಾಳು, ಹಿಡಿದುಕೊಂಡು ಲಲಿತಾಬಾಯಿ ಬರುತ್ತಿದ್ದಳು. ಮಡ್ಡಿಯ ಅಂಚಿನಲ್ಲೇ ಅವಳ ಮನೆ, ಕುರಿಹಟ್ಟಿ. ಕಾರ್ಖಾನೆ ಬಂದರೆ ಊರ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆಂದು ಈ ಜಾಗಕ್ಕೆ ತನ್ನ ಹೊಲವನ್ನೂ ಕೊಟ್ಟವಳು. ಹೋದ ವಾರ ಮೂವರನ್ನೂ ಮನೆಗೆ ಕರೆದು ಚಹಾ ಮಾಡಿಕೊಟ್ಟಿದ್ದಳು.

ಲಲಿತಾಬಾಯಿ ಹತ್ತಿರ ಬಂದು ಕನ್ನಡಕದೊಳಗೇ ಇಣುಕಿದಳು. “ಅಯ್ಯ! ನೀ ಬೀದರದ...”

“ಶ್! ನಾ ಇವತ್ತ ಪುಣೇದಾಕಿ,” ಮಲ್ಲೇಶ್ವರಿ ಪಿಸುಗುಟ್ಟಿದಳು.

ಲಲಿತಾಬಾಯಿಗೆ ಏನೂ ತಿಳಿಯಲಿಲ್ಲ. ಆದರೆ ನಾಟಕ ಎಂದರೆ ಅವಳಿಗೂ ಇಷ್ಟವೇ. ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ನಂತರ ದಿಲೀಪನಿಗೆ ಕೇಳುವಂತೆ, “ಪುಣೇದಾಗ ಸೀತನಿ ಸಿಗ್ತಾವೇನ್ರಿ ಬಾಯಾರೆ? ತಗೋರಿ, ತಿನ್ರಿ!” ಎಂದು ಮೊರ ಮುಂದೆ ಹಿಡಿದಳು.

“ಬೋರ್ಡ್ ಎಲ್ಲಿ ಹೋಯ್ತು?” ಮಲ್ಲೇಶ್ವರಿ ಬಾಯಾಡಿಸುತ್ತ ಮೆಲ್ಲಗೆ ಕೇಳಿದಳು.

“ಬಣ್ಣ ಹಚ್ಚಾಕ ಒಯ್ದಾರ. ಅಮೀರ ಪಾಶಾನ ಲಾರಿ ಬಂದಿತ್ತು ನಿನ್ನಿ. ದೊಡ್ಡ ಮಂದಿ ಜಾಗಾ ನೋಡಾಕ ಬರೋ ಮುಂದ ಪ್ರತಿ ಸಾರಿ ಒಯ್ತಾರ, ಆಮ್ಯಾಲೆ ತಂದು ಹುಗೀತಾರ.”

“ಈ ದಿಲೀಪ ಯಾರು?”

“ನಿಮ್ಮ ಸರಿತಾ ಮ್ಯಾಡಮ್ಮಿನ ಮನುಷ್ಯಾ ಅಲ್ಲೇನು? ನಾ ಹಂಗೇ ತಿಳ್ಕೊಂಡಿದ್ದೆ. ಪಾಪ, ಭಾಳ ಚೊಲೊ ಮಾತಾಡ್ತಾನ.”

ದಿಲೀಪ ಹಿಂದಿರುಗಿದ. ಮಲ್ಲೇಶ್ವರಿ ಕೈ ಝಾಡಿಸಿಕೊಂಡಳು. “ಜಾಗಾ ಮನಸಿಗೆ ಬಂತ್ರಿ. ನಿಮ್ಮ ಆಫೀಸಿಗೆ ಹೋಗಿ ಮಾತಾಡೂಣು.”

*

ಭಾಲ್ಕಿಯ ದಾರಿಯಲ್ಲಿ, ಜೀಪಿನ ಹಿಂದೆ ಕಾರು ಬಿಟ್ಟುಕೊಂಡು ಅವಳು ಅಮೀರ ಪಾಶಾನಿಗೆ ಫೋನು ಮಾಡಿದಳು.

“ಸಲಾಮ್ರಿ ಮ್ಯಾಡಮ್!” ಪಾಶಾನ ಧ್ವನಿಯಲ್ಲಿ ಎಂದಿನ ಉಲ್ಲಾಸ. “ಬೋರ್ಡಿಂದು ಫಿಕರ್ ಮಾಡಬ್ಯಾಡ್ರಿ. ನೀವು ಹೇಳಿದ ತಗ್ಗಿನಾಗೇ ಹುಗಿದೇನಿ. ಸಂಜೀಕ ವಾಪಸ್ ಹಾಕ್ತೇನಿ.”

“ನಾ ಹೇಳಿದ್ದಾ? ಯಾವಾಗ?”

“ಹರ್ ಬಾರ್ ನೀವೇ ಫೋನ್ ಮಾಡಿ ಹೇಳ್ತೀರಲ್ರಿ! ‘ಪರೀಕ್ಷೆ ನಡದದ, ಯಾರಿಗೂ ಹೇಳಬ್ಯಾಡ, ಸರಿತಾ ಮ್ಯಾಡಮ್ಮಿಗೂ ಬ್ಯಾಡ’ ಅಂತ. ಮರ್ತೀರೇನ್ರಿ?”

ಮಲ್ಲೇಶ್ವರಿ ಫೋನಿಟ್ಟಳು. ಎಂಥ ಧೈರ್ಯ! ಸಿಕ್ಕಿಬಿದ್ದವನು ಪತ್ತೇದಾರಿಣಿಯ ತಲೆಗೇ ಕಟ್ಟುತ್ತಿದ್ದಾನಲ್ಲ. ಅವಳಿಗೆ ಸಿಟ್ಟು ಬರಲಿಲ್ಲ, ಒಂದು ಬಗೆಯ ಮೆಚ್ಚುಗೆಯೇ ಬಂತು. ಇನ್ನು ದಿಲೀಪನ ಬಾಯಿಂದ ಪಾಶಾನ ಹೆಸರು ಬಂದರೆ ಸಂಜೆಯೊಳಗೆ ಕೆಲಸ ಮುಗಿಯಿತು. ಬೀದರಿಗೆ ಹೋಗಿ ಸರಿತಾಳ ಜತೆ ಹೊಟ್ಟೆ ತುಂಬ ಊಟ ಮಾಡಬಹುದು.

ದಿಲೀಪನ ಆಫೀಸು ಭಾಲ್ಕಿ ರೈಲು ನಿಲ್ದಾಣದ ಎದುರು, ಬೀಜದಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿತ್ತು. ರಸ್ತೆಯ ಕಡೆಗೆ ಒಂದೇ ದೊಡ್ಡ ಕಿಟಕಿ. ಗೋಡೆಯ ಮೇಲೆ ಬೀದರ್ ಜಿಲ್ಲೆಯ ನಕಾಶೆ. ದಿಲೀಪ ಕುರ್ಚಿ ಒರೆಸಿ ಕೂರಿಸಿದ.

“ಮುಂಗಡ ಇವತ್ತೇ ಕೊಡಬೇಕಂತ ಏನಿಲ್ರಿ...”

“ದಿಲೀಪ ಅವರೇ,” ಮಲ್ಲೇಶ್ವರಿ ಕನ್ನಡಕ ತೆಗೆದಳು. “ಆ ಜಾಗಾ ಯಾರದು?”

“ಹೇಳಿದೆನಲ್ರಿ, ಖಾಸಗಿ...”

“ಆ ಜಾಗಾನೇ ಸರ್ಕಾರದ್ದು. ನೀವು ಸರ್ಕಾರಿ ಜಾಗಾ ಅಂತ ತೋರಿಸಿದ ತಗ್ಗು ಯಾರದ್ದೂ ಅಲ್ಲ.”

ದಿಲೀಪನ ನಗು ಹಾಗೇ ನಿಂತಿತು. “ಯಾರ್ರಿ ನೀವು?”

“ಬೀದರದಿಂದ ಬಂದೀನಿ. ಜಾಗಾದ ಕಳ್ಳರಿಗೆ ಹುಡುಕೋದು ನನ್ನ ಕೆಲಸ.”

“ಕಳ್ಳಾ?” ಅವನು ಮೇಜು ಗುದ್ದಿದ. “ನನಗ ಕಳ್ಳಾ ಅಂತೀರಿ? ಹಲಬರ್ಗಾದಿಂದ ಕಮಲನಗರ ತನಕಾ ಕೇಳ್ರಿ ಹೋಗ್ರಿ! ದಿಲೀಪ ಒಂದು ಗುಂಟೆ ಸುಳ್ಳು ಮಾರ್ಯಾನೇನಂತ ಕೇಳ್ರಿ!”

ಮಲ್ಲೇಶ್ವರಿ ಮೊಬೈಲು ತೆಗೆದು ಅವನ ಮುಂದಿಟ್ಟಳು. ಹೋದ ವಾರದ ಫೋಟೊ. ಕೆಂಪು ನೆಲ, ಜೋಡಿ ಹುಣಸೆಮರ, ನಡುವೆ ನೀಲಿ ಫಲಕ. ಫಲಕಕ್ಕೆ ಒರಗಿ ನಿಂತ ಅವಳೇ.

ದಿಲೀಪ ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಮೇಜು ಗುದ್ದಿದ ಕೈ ಮೆಲ್ಲಗೆ ಮಡಿಲಿಗೆ ಜಾರಿತು.

“ನಾ ಹೋದಾಗೆಲ್ಲಾ ಬೋರ್ಡ್ ತಗ್ಗಿನಾಗೇ ಇತ್ರಿ,” ಎಂದ. ಧ್ವನಿ ಇಳಿದಿತ್ತು. “ಯಾರರೆ ಜಾಗಾ ನೋಡಾಕ ಬಂದಾಗ ಮಾಲಕಿ ಫೋನ್ ಮಾಡ್ತಾರ. ‘ತಗ್ಗಿಗೆ ಹೋಗು, ಬ್ಯಾಸರಾ ಮಾಡ್ಕೊಂಡು ನಿಂತಿರ್ತಾರ, ನಮ್ಮ ಮಡ್ಡಿ ತೋರ್ಸು’ ಅಂತಾರ. ನಾ ಹೋಗ್ತೇನಿ.”

“ಎಷ್ಟು ಮಂದಿಗೆ ತೋರಿಸೀರಿ?”

“ಮೂರೂ ಕಂಪನಿಗೆ. ಮೊದಲನೇದವರು ಹಿಡಿದ್ರು, ಆಮ್ಯಾಲೆ ಬ್ಯಾಡಂದ್ರಂತ. ಅವರ ಮುಂಗಡ ಹೊಳ್ಳಿ ಕೊಟ್ಟೀನಿ ಅಂದ್ರು ಮಾಲಕಿ. ಎರಡನೇದವರದೂ ಹಂಗೇ. ಮೂರನೇದವರದೂ ಹಂಗೇ. ಎಲ್ಲಾ ಆಕೀನೇ ನೇರ ಮಾತಾಡಿದ್ರು.”

ಮಲ್ಲೇಶ್ವರಿಯ ಬೆನ್ನು ನೆಟ್ಟಗಾಯಿತು. ಕಂಪನಿಗಳು ಬೇಡ ಎಂದದ್ದು ಯಾವ ಜಾಗವನ್ನು? ತಗ್ಗನ್ನು. ಹಾಗಾದರೆ ಮಡ್ಡಿಯನ್ನು?

ಅವಳು ಹೈದರಾಬಾದಿಗೆ ಫೋನು ಹಚ್ಚಿದಳು. ಮೊದಲ ಕಂಪನಿಯನ್ನು ಔರಾದಿಗೆ ಕರೆತಂದಿದ್ದ ದಲ್ಲಾಳಿ ಖಾಸಿಂ ಅಲಿ ಸಿಕ್ಕ. ತಾನು ಕೇಂದ್ರದ ಕಡೆಯವಳು ಎಂದಳು.

“ಖಾಸಿಂ ಸಾಹೇಬ್ರೆ, ನಿಮ್ಮ ಕಂಪನಿ ಔರಾದ್ ಬ್ಯಾಡ ಅಂದಿತಲ್ಲ. ಯಾಕ್ರಿ?”

“ಔರಾದ್ ಬ್ಯಾಡ ಅಂದವರ್ಯಾರ್ರಿ?” ಖಾಸಿಂ ಅಲಿ ಗಟ್ಟಿಯಾಗಿ ನಕ್ಕ. “ನಿಮ್ಮ ಕೆಸರಿನ ತಗ್ಗು ಬ್ಯಾಡ ಅಂದೇವಿ. ಬಾಜೂದ ಮಡ್ಡಿ ಹಿಡಿದೇವಿ. ಮುಂಗಡ ಹೋಗಿ ಎಷ್ಟೋ ದಿನಾ ಆಯ್ತು. ಈ ಶುಕ್ರವಾರ ಭೂಮಿಪೂಜಾ ಅದ. ನಮ್ಮ ಸೇಠ್ ಮಂದಿ ಎಲ್ಲಾ ಬರ್ತಾರ. ನೀವೂ ಜರೂರ ಬರ್ರಿ!”

ಫೋನಿನ ಧ್ವನಿ ದಿಲೀಪನಿಗೂ ಕೇಳಿಸಿತ್ತು. ಅವನು ಗೋಡೆಯ ನಕಾಶೆಗೆ ಒರಗಿದ.

“ಉಳಿದ ಇಬ್ಬರಿಗೂ ಮಾಡ್ರಿ,” ಎಂದಳು ಮಲ್ಲೇಶ್ವರಿ.

ದಿಲೀಪ ನಂಬರ್ ಒತ್ತಿದ. ಎರಡನೆಯವರು ಶುಕ್ರವಾರದ ಪೂಜೆಗೆ ಪೆಂಡಾಲಿನವರನ್ನು ಗೊತ್ತುಮಾಡಿದ್ದರು. ಮೂರನೆಯವರು ಪೂಜಾರಿಯನ್ನೂ ನೆಲ ಅಗೆಯುವ ಯಂತ್ರವನ್ನೂ ಸೊಲ್ಲಾಪುರದಿಂದಲೇ ತರುತ್ತಿದ್ದರು. ಅವರದೂ ಶುಕ್ರವಾರವೇ. ಮಾಲಕಿಯೇ ಮುಹೂರ್ತ ನೋಡಿ ಹೇಳಿದ್ದಳಂತೆ.

ಒಂದೇ ಮಡ್ಡಿ, ಮೂರು ಪೆಂಡಾಲು. ಮಲ್ಲೇಶ್ವರಿಯ ಕಣ್ಣಿಗೆ ಚಿತ್ರ ಕಟ್ಟಿತು. ಪತ್ರಿಕೆಯವರು, ಪೊಲೀಸರು, ತೆಂಗಿನಕಾಯಿ ಹಿಡಿದ ಮೂವರು ಸೇಠರು, ನಡುವೆ ಲಲಿತಾಬಾಯಿ. ಆಮೇಲೆ ಹೈದರಾಬಾದಿನಿಂದ ಪುಣೆಯವರೆಗೆ ಯಾವ ದಲ್ಲಾಳಿಯೂ ‘ಬೀದರ್’ ಎಂಬ ಹೆಸರೆತ್ತುವುದಿಲ್ಲ. ಸರಿತಾಳ ಕೇಂದ್ರ ಮುಚ್ಚಲು ಯುಗಾದಿಯವರೆಗೂ ಕಾಯಬೇಕಿಲ್ಲ.

“ನಂಗ ಜೇಲಿಗೆ ಹಾಕ್ತಾರ,” ದಿಲೀಪ ತೊದಲಿದ. “ಮೂವರಿಗೂ ತೋರಿಸಿದಾಂವ ನಾನೇ. ಮಾಲಕಿಗೆ ಯಾರೂ ನೋಡಿಲ್ಲ.”

“ನೀವೂ ನೋಡಿಲ್ಲೇನು?”

“ಇಲ್ರಿ. ಮೊಣಕಾಲ ಬ್ಯಾನಿ, ಮನಿ ಬಿಟ್ಟು ಬರಂಗಿಲ್ಲ ಅಂತಾರ. ಎಲ್ಲಾ ಫೋನ್ ಮ್ಯಾಲೇನೇ.”

“ಈ ಮಾಲಕಿ ಅನ್ನಾಕಿಗೆ ಅಮೀರ ಪಾಶಾ ಏನಾಗಬೇಕು?”

“ಯಾವ ಅಮೀರ ಪಾಶಾ?”

ಅವನ ಮುಖದಲ್ಲಿ ನಟನೆ ಇರಲಿಲ್ಲ. ಮಲ್ಲೇಶ್ವರಿಯ ಮನಸ್ಸಿನಲ್ಲಿ ಏನೋ ಒಂದು ಮಗ್ಗುಲು ಬದಲಿಸಿತು. ಬಹುಶಃ ಪಾಶಾ ಸುಳ್ಳು ಹೇಳಿರಲಿಲ್ಲ.

“ಮಾಲಕಿ ಹೆಸರೇನ್ರಿ?”

“ಬೀದರದಾಗ ಚೌಬಾರಾ ಹತ್ರ ಇರ್ತಾರಂತ,” ಎಂದ ದಿಲೀಪ. “ಹೆಸರು ಮಲ್ಲೇಶ್ವರಿ.”



ಚೌಬಾರಾ ಗೋಪುರದ ಹತ್ತಿರ, ತನ್ನ ಪತ್ತೇದಾರಿ ಕಚೇರಿಯ ಬಾಗಿಲ ಮೇಲೆ ಇರುವುದೂ ಅದೇ ಹೆಸರು. ಅಮೀರ ಪಾಶಾನಿಗೆ ಫೋನು ಮಾಡಿದ್ದು ‘ಮಲ್ಲೇಶ್ವರಿ.’ ಮೂರು ಕಂಪನಿಗಳಿಗೆ ಸರ್ಕಾರಿ ಜಾಗ ಮಾರಿದ್ದು ‘ಮಲ್ಲೇಶ್ವರಿ.’ ಶುಕ್ರವಾರ ಪೊಲೀಸರು ಹುಡುಕಿಕೊಂಡು ಬರುವುದು ಯಾರ ಬಾಗಿಲಿಗೆ?

ಈ ಕೆಲಸ ತನಗೆ ಯಾಕೆ ಒದಗಿಬಂತು ಎಂದು ಅವಳು ಮೊದಲ ಬಾರಿಗೆ ಯೋಚಿಸಿದಳು.

“ಹಚ್ರಿ ಫೋನ್,” ಎಂದಳು. “ಸ್ಪೀಕರಿಗೆ ಹಾಕ್ರಿ. ಪುಣೇದಾಕಿ ಜಾಗಾ ಒಪ್ಯಾಳ ಅಂತ ಹೇಳ್ರಿ, ಬ್ಯಾರೇನೂ ಬ್ಯಾಡ.”

ದಿಲೀಪ ಹಚ್ಚಿದ. ಎರಡು ಸಲ ಹೊಡೆದುಕೊಂಡ ಮೇಲೆ ಆ ಕಡೆಯವರು ಎತ್ತಿದರು.

“ಹಾಂ ದಿಲೀಪ, ಹೇಳಪಾ. ನಾ ಮಲ್ಲೇಶ್ವರಿ.”

ಅವಳದೇ ಧಾಟಿ. ಮಾತಿನ ಕೊನೆಯನ್ನು ತುಸು ಎಳೆದು ಬಿಡುವ ರೀತಿ, ಹೆಸರು ಹೇಳುವ ಮುಂಚಿನ ಸಣ್ಣ ಕೆಮ್ಮು. ದಿನಾ ಎದುರು ಕುಳಿತು ಕೇಳಿದವರು ಮಾತ್ರ ಹೀಗೆ ಕಲಿಯಬಲ್ಲರು. ಮಲ್ಲೇಶ್ವರಿಗೆ ಭಯವಾಗಲಿಲ್ಲ. ಬಹಳ ದಿನಗಳ ಮೇಲೆ ತನ್ನ ಸರಿಸಮಾನರೊಬ್ಬರು ಸಿಕ್ಕರಲ್ಲ ಎಂಬ ಖುಷಿ ಮೈತುಂಬ ಹರಡಿತು.

“ಪುಣೇದ ಮ್ಯಾಡಮ್ ಜಾಗಾ ಒಪ್ಯಾರ್ರಿ...” ಎಂದ ದಿಲೀಪ.

ಅಷ್ಟರಲ್ಲಿ ನಿಲ್ದಾಣದಿಂದ ಗೂಡ್ಸ್ ಗಾಡಿಯ ಕೂಗು ಎದ್ದಿತು. ಕಿವಿ ಗಡಚಿಕ್ಕುವ ಕೂಗು. ಮಾತು ಕೇಳಿಸದೆ ಮಲ್ಲೇಶ್ವರಿ ಎದ್ದು ಕಿಟಕಿ ಮುಚ್ಚಲು ಹೋದಳು. ಕೈ ಕದದ ಮೇಲಿತ್ತು. ಆಗ ಅವಳಿಗೆ ಕೇಳಿಸಿತು.

ಅದೇ ಕೂಗು. ಹಿಂದೆ, ಮೇಜಿನ ಮೇಲಿನ ಫೋನಿನೊಳಗಿಂದ.

ಕೆಳಗೆ ರಸ್ತೆಯ ತುಂಬ ಜನ. ಹಣ್ಣಿನ ಬಂಡಿಗಳು, ಆಟೊಗಳು, ರೈಲಿಗೆ ಓಡುವವರು. ಕಿವಿಗೆ ಫೋನು ಹಚ್ಚಿಕೊಂಡವರೇ ಹತ್ತಾರು.

ಗಾಡಿಯ ಕೂಗು ನಿಂತಿತು. ಫೋನಿನಲ್ಲಿ ಧ್ವನಿ ನಕ್ಕಿತು.

“ಕಿಟಕಿ ಹಾಕಬ್ಯಾಡ್ರಿ, ಪುಣೇ ಬಾಯಿ. ಇಲ್ಲಿಂದ ನಿಮ್ಮ ಮಾರಿ ಛಂದ ಕಾಣಾಕತ್ತದ.”